ಪುಟ್ಟನಿಗೆ, ನೇಪಿಯರ್ ಬಗ್ಗೆ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪಿಎಚ್‌.ಡಿ. ಬರಹ ಮುಗಿದು ಎಷ್ಟೋ ಕಾಲವಾದರೂ ಗೈಡ್‌ಗೆ ತೋರಿಸಿಲ್ಲ, ಇನ್ನೂ ತಿದ್ದುತ್ತಲೇ ಇದ್ದೀಯ ಅಂತ ನಿಮ್ಮಪ್ಪ ಹೇಳಿದ. ನೋಡಿದವರು ತಪ್ಪು ಹುಡುಕುತ್ತಾರೆ ಅನ್ನೋ ಭಯ ಅಲ್ವಾ? ಅದಕ್ಕೇ ನಿನಗೆ ಜಾನ್ ನೇಪಿಯರ್ ವಿಷಯ ಹೇಳಬೇಕು ಅನ್ನಿಸಿತು. ನಮ್ಮ ಕಾಲದ ಪಿಯುಸಿ ಹುಡುಗರು ಲಾಗ್ (ಲಾಗರಿದಮ್) ಟೇಬಲ್ ಪುಸ್ತಕ ಇಲ್ಲದೆ ಪರೀಕ್ಷೆಗೆ ಹೋಗುತ್ತಿರಲಿಲ್ಲ. ಆ ಪುಸ್ತಕದ ಮೂಲ ಈ ಮನುಷ್ಯ.

ನೇಪಿಯರ್ 1550ರಲ್ಲಿ ಹುಟ್ಟಿದ್ದು ಎಡಿನ್‌ಬರೊ ಪಕ್ಕದ ಮರ್ಚಿಸ್ಟನ್‌ನಲ್ಲಿ. ಮೇಷ್ಟ್ರಲ್ಲ, ಜಮೀನ್ದಾರ. 1593ರಲ್ಲಿ ಬೈಬಲ್‌ನ ಕೊನೆಯ ಭಾಗದ ಬಗ್ಗೆ ಒಂದು ಪುಸ್ತಕ ಬರೆದ. ಆಗ ಅದಕ್ಕೆ ತುಂಬಾ ಹೆಸರಿತ್ತು, ಬೇರೆ ಭಾಷೆಗಳಿಗೂ ಹೋಯಿತು. ಈಗ ಅದನ್ನು ಓದುವವರು ಕಡಿಮೆ. ಅವನ ಹೆಸರು ಉಳಿದದ್ದು ಲೆಕ್ಕ ಮಾಡುವವರ ಕಷ್ಟ ಕಡಿಮೆ ಮಾಡಿದ್ದಕ್ಕೆ. ಆ ಕಾಲದ ಖಗೋಳ ಶಾಸ್ತ್ರದವರು ಏಳೆಂಟು ಅಂಕಿಯ ಸಂಖ್ಯೆಗಳನ್ನು ಕೈಯಲ್ಲೇ ಗುಣಿಸಬೇಕಿತ್ತು, ಒಂದು ಅಂಕಿ ತಪ್ಪಿದರೆ ಮತ್ತೆ ಮೊದಲಿಂದ. ಗುಣಾಕಾರವನ್ನು ಕೂಡುವುದಕ್ಕೆ ಇಳಿಸುವ ದಾರಿಯನ್ನು ನೇಪಿಯರ್ ಕಂಡುಕೊಂಡ. ಪ್ರತಿ ಸಂಖ್ಯೆಗೂ ಲಾಗ್ ಅನ್ನೋ ಒಂದು ಜೊತೆ ಸಂಖ್ಯೆ ಇಟ್ಟ. ಈಗಿನ ರೂಪದಲ್ಲಿ ಹೇಳಬೇಕೆಂದರೆ 2ರ ಲಾಗ್ 0.3010, 3ರ ಲಾಗ್ 0.4771. ಎರಡನ್ನೂ ಕೂಡಿದರೆ 0.7781, ಟೇಬಲ್‌ನಲ್ಲಿ ಹುಡುಕಿದರೆ ಅದಕ್ಕೆ ತೀರಾ ಹತ್ತಿರ ಇರೋದು 6ರ ಲಾಗ್, 0.7782. ಕೇಳೋಕೆ ಸುಲಭ, ಆದರೆ ಆ ಟೇಬಲ್ ತಯಾರಾಗಲು ಸುಮಾರು 20 ವರ್ಷ ಬೇಕಾಯಿತು.

1614ರಲ್ಲಿ ಪುಸ್ತಕ ಅಚ್ಚಾಯಿತು. ಟೇಬಲ್ ಕೊಟ್ಟ, ಬಳಸುವ ರೀತಿ ಹೇಳಿದ. ಅದನ್ನು ಹೇಗೆ ಕಟ್ಟಿದೆ ಅನ್ನೋದನ್ನು, ತಿಳಿದವರು ಇದನ್ನು ಮೆಚ್ಚುತ್ತಾರಾ ನೋಡಿ ಆಮೇಲೆ ಹೇಳುತ್ತೇನೆ ಅಂದ. ಆ ಭಾಗ ಹೊರಬಂದಿದ್ದು ಅವನು ಹೋದ ಮೇಲೆ, 1619ರಲ್ಲಿ. ಅಂದರೆ ಎಲ್ಲವೂ ಸಿದ್ಧವಾಗಲಿ ಅಂತ ಅವನು ಕಾಯಲಿಲ್ಲ.

ಮುಂದೆ ನಡೆದದ್ದು ನನಗೆ ತುಂಬಾ ಇಷ್ಟ. ಲಂಡನ್ನಿನ ಗ್ರೆಶಮ್ ಕಾಲೇಜಿನ ಪ್ರೊಫೆಸರ್ ಹೆನ್ರಿ ಬ್ರಿಗ್ಸ್ ಆ ಪುಸ್ತಕ ಓದಿ ಬೆರಗಾಗಿ, 1615ರ ಬೇಸಿಗೆಯಲ್ಲಿ, ಆಗಿನ ರಸ್ತೆಗಳಲ್ಲಿ, ಸ್ಕಾಟ್‌ಲೆಂಡಿನವರೆಗೂ ಹೋಗಿ ಒಂದು ತಿಂಗಳು ಅವನ ಮನೆಯಲ್ಲಿ ಉಳಿದ. ಟೇಬಲ್ ಅನ್ನು ಹತ್ತರ ಲೆಕ್ಕಕ್ಕೆ ಬದಲಾಯಿಸಿದರೆ ಅನುಕೂಲ ಅನ್ನೋದು ಬ್ರಿಗ್ಸ್ ಮಾತು. 20 ವರ್ಷದ ದುಡಿಮೆಯನ್ನು ಮತ್ತೆ ಮಾಡಬೇಕು ಅಂದ ಹಾಗೆ! ನೇಪಿಯರ್ ಮುನಿಸಿಕೊಳ್ಳಲಿಲ್ಲ. ನನಗೂ ಹಾಗೇ ಅನ್ನಿಸಿತ್ತು ಅಂದ, ಒಂದರ ಲಾಗ್ ಸೊನ್ನೆ ಆಗಲಿ ಅಂತ ಇನ್ನೂ ಒಳ್ಳೆಯ ದಾರಿ ಸೂಚಿಸಿದ. ಅದೇ ಸರಿ ಅಂತ ಬ್ರಿಗ್ಸ್ ಕೂಡ ಒಪ್ಪಿಕೊಂಡ. 1617ರಲ್ಲಿ ನೇಪಿಯರ್ ತೀರಿಕೊಂಡ. ಬ್ರಿಗ್ಸ್ ಲೆಕ್ಕ ಮುಂದುವರಿಸಿ 1624ರಲ್ಲಿ 30,000 ಸಂಖ್ಯೆಗಳ ಲಾಗ್‌ಗಳನ್ನು 14 ದಶಮಾಂಶ ಸ್ಥಾನದವರೆಗೆ ಅಚ್ಚು ಹಾಕಿಸಿದ. ನಾವು ಪಿಯುಸಿಯಲ್ಲಿ ಬಳಸಿದ್ದು ಇದೇ ಹತ್ತರ ಲಾಗ್.

ಇನ್ನೊಬ್ಬನಿದ್ದ, ಯೋಸ್ಟ್ ಬ್ಯುರ್ಗಿ ಅಂತ. ಸ್ವಿಸ್ ಗಡಿಯಾರ ತಯಾರಕ, ಪ್ರಾಗ್‌ನಲ್ಲಿ ಖಗೋಳ ಶಾಸ್ತ್ರಜ್ಞ ಕೆಪ್ಲರ್ ಜೊತೆ ಇದ್ದವನು. ಅವನಿಗೂ ಸ್ವಂತವಾಗಿ ಇದೇ ಯೋಚನೆ ಬಂದಿತ್ತು, ಟೇಬಲ್ ಕೂಡ ಮಾಡಿಟ್ಟಿದ್ದ. ಆದರೆ ಹೊರಗೆ ಕೊಡಲಿಲ್ಲ. ಕೊನೆಗೆ 1620ರಲ್ಲಿ ಅಚ್ಚಾದಾಗ ಬಳಸುವ ವಿವರಣೆ ಅದರ ಜೊತೆ ಬರಲಿಲ್ಲ. ಅಷ್ಟರಲ್ಲಿ ನೇಪಿಯರ್ ಪುಸ್ತಕ ಬಂದು ಆರು ವರ್ಷ ಆಗಿತ್ತು. ಸುಮ್ನೆ ತಡಮಾಡಿ ತನ್ನ ಕೂಸನ್ನು ತಾನೇ ಕೈಬಿಟ್ಟ ಅಂತ ಕೆಪ್ಲರ್ ಬರೆದಿದ್ದಾನೆ. ಬ್ಯುರ್ಗಿ ಬುದ್ಧಿಯಲ್ಲಿ ಕಡಿಮೆಯವನಲ್ಲ ಕಣೋ, ಅದು ನೆನೆದರೆ ನನಗೆ ಸಂಕಟವಾಗುತ್ತದೆ. ಇದೇ ಕೆಪ್ಲರ್ ತನ್ನ 1620ರ ಗ್ರಹಗಣಿತದ ಪುಸ್ತಕವನ್ನು ಅರ್ಪಿಸಿದ್ದು ನೇಪಿಯರ್‌ಗೆ, ಅವನು ತೀರಿಹೋಗಿದ್ದಾನೆ ಅನ್ನೋದು ಗೊತ್ತಿಲ್ಲದೆ.

ನಿನ್ನ ಬರಹದಲ್ಲಿ ತಪ್ಪು ಇದ್ದೇ ಇರುತ್ತದೆ. ಇರಲಿ. ಗೈಡ್ ಮಾತ್ರ ಸಾಲದು, ಆ ವಿಷಯ ಚೆನ್ನಾಗಿ ಬಲ್ಲ, ನಿನ್ನನ್ನು ಹೊಗಳುವ ಅಗತ್ಯ ಇಲ್ಲದ ಒಬ್ಬರಿಗೂ ಕೊಡು. ಅವರು ಬದಲಾಯಿಸು ಅಂದಿದ್ದನ್ನು ಎರಡು ದಿನ ಬಿಟ್ಟು ಓದು, ಅದೇ ದಿನ ಉತ್ತರ ಬರೆಯಬೇಡ. ಮೊದಲ ಎರಡು ಅಧ್ಯಾಯ ಈ ವಾರವೇ ಕಳಿಸು, ಉಳಿದದ್ದು ಆಮೇಲೆ. ಕಳಿಸಿದ ದಿನ ರಾತ್ರಿ ನನಗೆ ಫೋನ್ ಮಾಡು.

ಇಂತಿ ನಿನ್ನ
ದೊಡ್ಡಪ್ಪ