ಪೇಟೆಂಟ್ ಕಾನೂನಿಗೆ ಮತ ಹಾಕುವ ಜನಪ್ರತಿನಿಧಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ಬಿಡುವು ಸಿಕ್ಕಾಗ ನಾನು ಓಪನ್ ಸೋರ್ಸ್ ಇಮೇಜ್ ಪ್ರೊಸೆಸಿಂಗ್ ಸಾಫ್ಟ್‌ವೇರ್‌ಗಳಿಗೆ ಕೋಡ್ ಬರೆಯುತ್ತೇನೆ. ಮಸುಕಾದ ಫೋಟೋ ತಿದ್ದುವುದು, ಓರೆಯಾಗಿ ಸ್ಕ್ಯಾನ್ ಆದ ಪುಟ ನೇರ ಮಾಡುವುದು, ಹತ್ತು ಫೋಟೋ ಜೋಡಿಸಿ ಒಂದು ಅಗಲವಾದ ಚಿತ್ರ ಮಾಡುವುದು, ಇಂಥ ಕೆಲಸಗಳು. ಇದಕ್ಕೆ ಸಂಬಳವಿಲ್ಲ, ನಾನು ಕೇಳುವುದೂ ಇಲ್ಲ. ಬರೆದದ್ದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಸಾಫ್ಟ್‌ವೇರ್ ಪೇಟೆಂಟ್ ಚರ್ಚೆಗೆ ಬಂದಾಗಲೆಲ್ಲ ದೊಡ್ಡ ಕಂಪನಿಗಳ ವಕೀಲರು ನಿಮ್ಮನ್ನು ಭೇಟಿಯಾಗುತ್ತಾರೆ. ನಮ್ಮಂಥವರಿಗೆ ವಕೀಲರಿಲ್ಲ. ಅದಕ್ಕೇ ಈ ಪತ್ರ.

ಕಾಪಿರೈಟ್ ಬಗ್ಗೆ ನನ್ನ ತಕರಾರಿಲ್ಲ. ಬೇರೆಯವರ ಕೋಡ್ ಕದಿಯಬೇಡ ಅನ್ನುತ್ತದೆ, ಸರಿಯಾದ ಮಾತು. ಪೇಟೆಂಟ್ ಹಾಗಲ್ಲ, ಅದು ಒಂದು ವಿಧಾನವನ್ನೇ ಕೆಲವು ವರ್ಷ ಒಬ್ಬರ ಸ್ವತ್ತಾಗಿಸುತ್ತದೆ. ನಾನೇ ಕೂತು ಯೋಚಿಸಿ ಸ್ವಂತವಾಗಿ ಬರೆದರೂ, ಅದೇ ವಿಧಾನಕ್ಕೆ ಇನ್ಯಾರೋ ಮೊದಲೇ ಪೇಟೆಂಟ್ ಪಡೆದಿದ್ದರೆ ತಪ್ಪು ನನ್ನದೇ. ಅಂಥ ಪೇಟೆಂಟ್ ಇದೆ ಅಂತ ನನಗೆ ಗೊತ್ತಿರಲಿಲ್ಲ ಎಂದರೂ ತಪ್ಪು ತಪ್ಪೇ. ಚಿತ್ರದ ಕೆಲಸದಲ್ಲಿ ಇದು ಜಾಸ್ತಿ ಕಾಡುತ್ತದೆ. ಕಂಪ್ಯೂಟರಿಗೆ ಫೋಟೋ ಅಂದರೆ ಸಂಖ್ಯೆಗಳ ಒಂದು ದೊಡ್ಡ ಕೋಷ್ಟಕ. ಅದರ ಮೇಲೆ ನಾವು ಮಾಡುವುದೆಲ್ಲ ಕೂಡುವುದು, ಗುಣಿಸುವುದು, ಹೋಲಿಸುವುದು. ಲೆಕ್ಕಕ್ಕೆ ಒಡೆಯರು ಹುಟ್ಟಿಕೊಂಡರೆ ನಾವು ಯಾವ ಲೆಕ್ಕ ಮಾಡೋಣ?

ಸಿಫ್ಟ್ ಎಂಬ ವಿಧಾನದ ಕತೆ ಕೇಳಿ. ಎರಡು ಫೋಟೋಗಳಲ್ಲಿ ಒಂದೇ ಕಿಟಕಿಯ ಮೂಲೆ ಎಲ್ಲೆಲ್ಲಿದೆ ಅಂತ ಅದು ಹುಡುಕಿಕೊಡುತ್ತದೆ. ಫೋಟೋ ಚಿಕ್ಕದಾಗಲಿ, ತಿರುಗಿರಲಿ, ಹುಡುಕುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಲೋವ್ ಇದನ್ನು 1999ರಲ್ಲಿ ಪ್ರಕಟಿಸಿದರು. ಅದ್ಭುತ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಮರುವರ್ಷ ಅಮೆರಿಕದಲ್ಲಿ ಪೇಟೆಂಟ್‌ಗೆ ಅರ್ಜಿ ಹೋಯಿತು, 2004ರಲ್ಲಿ ಪೇಟೆಂಟ್ ಸಿಕ್ಕಿತು. ಲೇಖನ ಎಲ್ಲರ ಕೈಯಲ್ಲಿತ್ತು. ವಿದ್ಯಾರ್ಥಿಗಳು ತರಗತಿಯಲ್ಲಿ ಅದನ್ನೇ ಕಲಿಯುತ್ತಿದ್ದರು. ಆದರೆ ಚಿತ್ರದ ಕೆಲಸಕ್ಕೆ ಬೇಕಾದ ಸಿದ್ಧ ಕೋಡ್‌ಗಳ ಸಂಗ್ರಹವಾಗಿ ಜಗತ್ತೆಲ್ಲ ಬಳಸುವ ಓಪನ್‌ಸಿವಿ ಲೈಬ್ರರಿಯಲ್ಲಿ ಅದನ್ನು 'ನಾನ್‌ಫ್ರೀ' ಎಂಬ ಬೇರೆ ಕೋಣೆಯಲ್ಲಿ ಇಡಬೇಕಾಯಿತು. ಮುಂದೆ ಮುಖ್ಯ ಲೈಬ್ರರಿಯಿಂದಲೇ ಹೊರಗೆ ಹೋಯಿತು. ಪಾಠದಲ್ಲಿದ್ದ ನಾಲ್ಕು ಸಾಲು ಕೋಡ್ ಬರೆದು ಓಡಿಸಿದ ಹುಡುಗರಿಗೆ ಉತ್ತರದ ಬದಲು ಎರರ್ ಬರುತ್ತಿತ್ತು. ಬೇಕೇ ಬೇಕು ಅಂದರೆ ಇಡೀ ಲೈಬ್ರರಿಯನ್ನು ತಾವೇ ಕಂಪೈಲ್ ಮಾಡಿಕೊಳ್ಳಬೇಕಿತ್ತು, ಅಂದರೆ ಸೋರ್ಸ್ ಕೋಡನ್ನು ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತರಬೇಕಿತ್ತು. ಪನೋರಮಾ ಜೋಡಿಸುವ ಹಗಿನ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರಿನ ಬಳಗ ಪೇಟೆಂಟ್ ಇಲ್ಲದ ಬೇರೆ ದಾರಿ ಹುಡುಕಿ ಹೊಸದಾಗಿ ಕೋಡ್ ಬರೆಯಿತು.

2020ರ ಮಾರ್ಚ್‌ನಲ್ಲಿ ಆ ಪೇಟೆಂಟ್ ಅವಧಿ ಮುಗಿಯಿತು. ಅದೇ ಜುಲೈನಲ್ಲಿ ಬಂದ ಓಪನ್‌ಸಿವಿ 4.4ರಲ್ಲಿ ಸಿಫ್ಟ್ ಮುಖ್ಯ ಲೈಬ್ರರಿಗೆ ವಾಪಸ್ ಬಂತು. ಅಷ್ಟು ವರ್ಷ ಅದನ್ನು ದೂರ ಇಟ್ಟದ್ದು ಒಂದು ದಿನಾಂಕ ಮಾತ್ರ.

"ಹಾಗಾದರೆ ಲೈಸೆನ್ಸ್ ಹಣ ಕೊಟ್ಟು ಬಳಸಿ" ಎಂದು ನಿಮಗೆ ಯಾರಾದರೂ ಹೇಳಬಹುದು. ಈ ಪತ್ರದಲ್ಲಿ ಒಂದೇ ಒಂದು ಮಾತು ನಿಮ್ಮ ನೆನಪಿನಲ್ಲಿ ಉಳಿಯುವುದಾದರೆ ಅದು ಇದಾಗಲಿ: ನಮಗೆ ಹಣ ಕೊಡಲು ಮನಸ್ಸಿಲ್ಲ ಅಂತಲ್ಲ, ಕೊಡುವ ದಾರಿಯೇ ಇಲ್ಲ. ಪೇಟೆಂಟ್ ಶುಲ್ಕ ಸಾಮಾನ್ಯವಾಗಿ ಪ್ರತಿಗೆ ಇಷ್ಟು ಅಂತ ಇರುತ್ತದೆ. ನಮ್ಮ ಕೋಡ್ ಎಷ್ಟು ಪ್ರತಿಯಾಗಿದೆ ಅಂತ ನಮಗೇ ಗೊತ್ತಿಲ್ಲ. ಒಬ್ಬರು ಇಳಿಸಿಕೊಂಡು ನೂರು ಜನಕ್ಕೆ ಕೊಡಬಹುದು, ಆ ಹಕ್ಕನ್ನು ನಾವೇ ಕೊಟ್ಟಿದ್ದೇವೆ. ಓಪನ್ ಸೋರ್ಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಜಿಪಿಎಲ್ ಥರದ ಲೈಸೆನ್ಸ್‌ನಲ್ಲಂತೂ ಅದು ಕಡ್ಡಾಯ. ಪ್ರತಿ ಎಣಿಸಲು ಶುರು ಮಾಡಿದರೆ ಅದು ಓಪನ್ ಸೋರ್ಸ್ ಆಗಿ ಉಳಿಯುವುದಿಲ್ಲ. ಹಾಗಾಗಿ ಹತ್ತು ರೂಪಾಯಿಯ ಶುಲ್ಕವೂ ನಮಗೆ ನಿಷೇಧವೇ.

ಇದು ಮುಗಿದ ಕತೆಯಲ್ಲ. 2017ರಿಂದ ಐಫೋನ್‌ಗಳು ಫೋಟೋಗಳನ್ನು ಹೈಕ್ (HEIC) ಎಂಬ ಫೈಲ್ ರೂಪದಲ್ಲಿ ಉಳಿಸುತ್ತವೆ. ಅದರ ಒಳಗೆ ಚಿತ್ರವನ್ನು ಕುಗ್ಗಿಸುವ ಎಚ್‌ಇವಿಸಿ ತಂತ್ರದ ಮೇಲೆ ರಾಶಿ ಪೇಟೆಂಟ್‌ಗಳಿವೆ. ಆ ಫೋಟೋ ತೆರೆಯುವ ಕೋಡ್ ಓಪನ್ ಸೋರ್ಸ್‌ನಲ್ಲಿ ಬರೆದು ಸಿದ್ಧವಾಗಿದೆ. ಆದರೂ ಲಿನಕ್ಸ್ ಎಂಬ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂನ ಕೆಲವು ವಿತರಣೆಗಳು (ಅದನ್ನು ಜೋಡಿಸಿ ಹಂಚುವ ಆವೃತ್ತಿಗಳು) ಭಯಕ್ಕೆ ಅದನ್ನು ಜೊತೆಗೆ ಕೊಡುವುದಿಲ್ಲ. ತಾನೇ ತೆಗೆದ ಮಗುವಿನ ಫೋಟೋ ತನ್ನದೇ ಕಂಪ್ಯೂಟರಿನಲ್ಲಿ ತೆರೆಯದಿದ್ದರೆ ತಾಯಿಗೆ ಹೇಗೆ ಅನಿಸಬೇಡ?

ಪೇಟೆಂಟ್ ಅಡ್ಡ ಬಂದರೆ ಹೊಸದು ಹುಟ್ಟುತ್ತದೆ ಎಂಬ ವಾದವೂ ಇದೆ. ಪಿಎನ್‌ಜಿ ಎಂಬ ಚಿತ್ರದ ಫೈಲ್ ರೂಪದ ಉದಾಹರಣೆ ಕೊಡುತ್ತಾರೆ. ನಿಜ, ಪಿಎನ್‌ಜಿ ಹುಟ್ಟಿದ್ದೇ ಹಾಗೆ. ಅದಕ್ಕೂ ಮೊದಲಿನ ಜಿಫ್ ಎಂಬ ಫೈಲ್ ರೂಪ 1987ರಲ್ಲಿ ಬಂತು. ಎಲ್ಲರೂ ಬಳಸತೊಡಗಿ ಏಳು ವರ್ಷವಾದ ಮೇಲೆ, 1994ರ ಕೊನೆಯಲ್ಲಿ, ಅದರೊಳಗೆ ಫೈಲನ್ನು ಕುಗ್ಗಿಸುವ ಎಲ್‌ಝಡ್‌ಡಬ್ಲ್ಯೂ ವಿಧಾನಕ್ಕೆ ಲೈಸೆನ್ಸ್ ಬೇಕು ಎಂಬ ಘೋಷಣೆ ಬಂತು. ಪೇಟೆಂಟ್ ಯೂನಿಸಿಸ್ ಕಂಪನಿಯದು. ಸಿಟ್ಟಾದ ಪ್ರೋಗ್ರಾಮರ್‌ಗಳು ಸೇರಿ ಪಿಎನ್‌ಜಿ ಕಟ್ಟಿದರು, 1996ಕ್ಕೆ ಅದು ಸಿದ್ಧವಾಯಿತು. ಒಳ್ಳೆಯ ಫಾರ್ಮ್ಯಾಟ್, ನಾನೂ ದಿನಾ ಬಳಸುತ್ತೇನೆ. ಆದರೆ ಜಿಫ್ ಬಿಡಲಾಗದವರ ಪಾಡು ನೋಡಿ. ಲಿಬ್‌ಅನ್‌ಜಿಫ್ ಎಂಬ ಲೈಬ್ರರಿ ಚಿತ್ರವನ್ನು ಕುಗ್ಗಿಸದೇ ಜಿಫ್ ಬರೆಯುತ್ತಿತ್ತು. ಅಂದರೆ, ಬೇಕಂತಲೇ ದೊಡ್ಡ ಫೈಲ್ ಮಾಡುವ ಸಾಫ್ಟ್‌ವೇರನ್ನು ಜನ ಶ್ರಮಪಟ್ಟು ಬರೆದರು. ಅಮೆರಿಕದಲ್ಲಿ ಆ ಪೇಟೆಂಟ್ ಮುಗಿದದ್ದು 2003ರಲ್ಲಿ. ಕಳೆದ ಆ ಸಮಯಕ್ಕೆ ಯಾರೂ ಲೆಕ್ಕ ಇಟ್ಟಿಲ್ಲ.

ಕೋರ್ಟಿನ ಭಯ ಸುಮ್ನೆ ಕಲ್ಪನೆಯೂ ಅಲ್ಲ. 2019ರಲ್ಲಿ ಶಾಟ್‌ವೆಲ್ ಎಂಬ ಉಚಿತ ಫೋಟೋ ಸಾಫ್ಟ್‌ವೇರ್ ವಿಷಯವಾಗಿ ಓಪನ್ ಸೋರ್ಸ್ ಸಾಫ್ಟ್‌ವೇರ್ ಬೆಳೆಸುವ ಗ್ನೋಮ್ ಫೌಂಡೇಶನ್ ಎಂಬ ಸಂಸ್ಥೆಯ ಮೇಲೆ ಅಮೆರಿಕದಲ್ಲಿ ಕೇಸು ಬಿತ್ತು. ಫೋಟೋಗಳನ್ನು ವೈರ್‌ಲೆಸ್ ಆಗಿ ಹಂಚುವುದಕ್ಕೂ ಒಂದು ಪೇಟೆಂಟ್ ಇತ್ತು! ಸಾವಿರಾರು ಜನ ದೇಣಿಗೆ ಕೊಟ್ಟರು, ವಕೀಲರು ಜೊತೆ ನಿಂತರು, 2020ರ ಮೇನಲ್ಲಿ ರಾಜಿಯಾಯಿತು. ಮುಂದೆ ಮರುಪರಿಶೀಲನೆಯಲ್ಲಿ ಆ ಪೇಟೆಂಟೇ ಬಿದ್ದುಹೋಯಿತು. ಗ್ನೋಮ್‌ಗೆ ಹೆಸರಿದೆ, ಬೆಂಬಲಿಗರಿದ್ದಾರೆ. ಒಬ್ಬರೇ ಕೂತು ಬರೆಯುವವರಿಗೆ ಆ ನೋಟಿಸ್ ಬಂದಿದ್ದರೆ? ಅವರು ಮಾರನೇ ದಿನವೇ ಕೋಡ್ ಅಳಿಸಿಬಿಡುತ್ತಿದ್ದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ನಿಮ್ಮಿಂದ ಆಗುವುದೇನು? ತುಂಬಾ ಆಗುತ್ತದೆ. 2005ರ ಜುಲೈ 6ರಂದು ಯುರೋಪಿನ ಸಂಸತ್ತು ಸಾಫ್ಟ್‌ವೇರ್ ಪೇಟೆಂಟ್ ನಿರ್ದೇಶನವನ್ನು (ಸದಸ್ಯ ದೇಶಗಳು ಪಾಲಿಸಬೇಕಾಗಿದ್ದ ಕಾನೂನಿನ ಕರಡನ್ನು) 14ರ ವಿರುದ್ಧ 648 ಮತಗಳಿಂದ ತಿರಸ್ಕರಿಸಿತು. ಅವರೂ ನಿಮ್ಮ ಹಾಗೆ ಜನ ಆರಿಸಿ ಕಳಿಸಿದವರೇ. ಆದರೂ ಅಲ್ಲಿನ ಕಾನೂನಿನಲ್ಲಿ ಒಂದು ಸಂದಿ ಉಳಿದಿದೆ. "ಬರಿಯ" ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ ಅನ್ನುತ್ತಾರೆ. ಆ ಒಂದು ಪದ ಹಿಡಿದು, ನಮ್ಮದು ಬರಿಯ ಪ್ರೋಗ್ರಾಂ ಅಲ್ಲ, ತಾಂತ್ರಿಕ ವಿಧಾನ ಅಂತ ವಾದಿಸಿ ಪೇಟೆಂಟ್ ಪಡೆಯುವವರಿದ್ದಾರೆ. ನಿಮ್ಮ ಮುಂದೆ ಕರಡು ಬಂದಾಗ ಇಂಥ ಪದಗಳನ್ನು ದಯವಿಟ್ಟು ನಿಧಾನವಾಗಿ ಓದಿ.

ನನ್ನ ಕೋರಿಕೆ ಒಂದೇ ಕಲಮು. ಸೋರ್ಸ್ ಕೋಡ್ ಬರೆಯುವುದು, ಪ್ರಕಟಿಸುವುದು, ಉಚಿತವಾಗಿ ಹಂಚುವುದು, ಅದನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಓಡಿಸುವುದು ಪೇಟೆಂಟ್ ಉಲ್ಲಂಘನೆ ಅಲ್ಲ ಎಂದು ಕಾನೂನಿನಲ್ಲೇ ಬರೆಯಿರಿ. ಅದೇ ವಿಧಾನವನ್ನು ಕ್ಯಾಮೆರಾ ಚಿಪ್‌ನಲ್ಲಿ ಹಾಕಿ ಮಾರುವ ಕಂಪನಿ ಬೇಕಾದರೆ ಶುಲ್ಕ ಕೊಡಲಿ. ಅವರಿಗೆ ಪ್ರತಿ ಎಣಿಸಲು ಬರುತ್ತದೆ. ಕಂಡುಹಿಡಿದವರಿಗೂ ಅನ್ಯಾಯವಾಗುವುದಿಲ್ಲ, ಅಲ್ವಾ?

ಕರಡು ಸಮಿತಿ ಮುಂದೆ ಬರುವ ದಿನ ಕೋಡ್ ಬರೆಯುವವರನ್ನೂ ಕರೆಯಿರಿ. ನಾನು ಬರುತ್ತೇನೆ. ಭಯಕ್ಕೆ ತೆಗೆದುಹಾಕಿದ ಕೋಡ್ ಹೇಗಿರುತ್ತದೆ ಅಂತ ಸಾಲು ಸಾಲಾಗಿ ತೋರಿಸುತ್ತೇನೆ.

ವಂದನೆಗಳೊಂದಿಗೆ,
ಓಪನ್ ಸೋರ್ಸ್ ಕೋಡ್ ಬರೆಯುವ ಒಬ್ಬ ಮತದಾರ