‘ದ ಗ್ರಾಸ್ ಕ್ಲಿನಿಕ್’ ಚಿತ್ರದ ಪ್ರತಿ: ಕೈಯಲ್ಲಿ ಬರೆದದ್ದೆಂದು ಮುದ್ರಣ ಕಳಿಸಿದ್ದಕ್ಕೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ವರ್ಣಚಿತ್ರ ಪ್ರತಿಗಳ ಮಾರಾಟ ಸಂಸ್ಥೆ

ಇವರಿಂದ,
ವೈದ್ಯಕೀಯ ಇತಿಹಾಸ ಗ್ಯಾಲರಿ ಸಮಿತಿ

ವಿಷಯ: ಅಮೆರಿಕದ ಚಿತ್ರಕಾರ ಥಾಮಸ್ ಈಕಿನ್ಸ್ ಅವರ ‘ದ ಗ್ರಾಸ್ ಕ್ಲಿನಿಕ್’ (1875) ತೈಲವರ್ಣ ಪ್ರತಿಯಲ್ಲಿನ ದೋಷಗಳು, ಹೊಸ ಪ್ರತಿ ಅಥವಾ ಪೂರ್ತಿ ಹಣ ವಾಪಸಾತಿ.

ಮಾನ್ಯರೇ,

‘ಪೂರ್ತಿ ಕೈಯಿಂದಲೇ ಬರೆದ ತೈಲವರ್ಣ’ ಎಂದು ಬಿಲ್ಲಿನಲ್ಲಿ ನಮೂದಿಸಿ ನೀವು ಕಳಿಸಿದ ಪ್ರತಿ ಗೋಡೆಗೆ ಹಾಕುವ ಸ್ಥಿತಿಯಲ್ಲಿಲ್ಲ.

ಮೊದಲು ಅಳತೆ. ಶಸ್ತ್ರವೈದ್ಯರೊಬ್ಬರು ವಿದ್ಯಾರ್ಥಿಗಳೆದುರು ಶಸ್ತ್ರಕ್ರಿಯೆ ನಡೆಸುತ್ತಿರುವುದನ್ನು ತೋರಿಸುವ ಮೂಲಚಿತ್ರ ಸುಮಾರು 8 ಅಡಿ ಎತ್ತರ, ಆರೂವರೆ ಅಡಿ ಅಗಲ. ಅದರ ಸರಿ ಅರ್ಧ, ಅಂದರೆ 48 × 39 ಅಂಗುಲಕ್ಕೆ ಆರ್ಡರ್ ಕೊಟ್ಟಿದ್ದೆವು. ಬಂದಿರುವುದು 48 × 36. ನಿಮ್ಮಲ್ಲಿರುವ ಸಿದ್ಧ ಚೌಕಟ್ಟಿಗೆ ಹೊಂದಿಸಲು ಬಲಗಡೆ 3 ಅಂಗುಲ ಕತ್ತರಿಸಿದ್ದೀರಿ. ಮೂಲದ ಲೆಕ್ಕದಲ್ಲಿ ಅದು ಅರ್ಧ ಅಡಿ. ಆ ಅಂಚಿನಲ್ಲೇ, ಸುರಂಗದಂಥ ಬಾಗಿಲಿನ ಪಕ್ಕದಲ್ಲಿ, ಈಕಿನ್ಸ್ ತಮ್ಮನ್ನೇ ಚಿತ್ರಿಸಿಕೊಂಡಿದ್ದಾರೆ. ನಿಮ್ಮ ಪ್ರತಿಯಲ್ಲಿ ಚಿತ್ರಕಾರನೇ ಇಲ್ಲ.

ಇನ್ನು ‘ಕೈಯಿಂದ ಬರೆದದ್ದು’ ಎಂಬ ಮಾತು. ಹಿನ್ನೆಲೆಯ ಮೆಟ್ಟಿಲು ಸಾಲಿನಲ್ಲಿ ಕೂತ ವಿದ್ಯಾರ್ಥಿಗಳ ಮುಖಗಳನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೆ ನೀಲಿ, ಗುಲಾಬಿ, ಹಳದಿ ಚುಕ್ಕಿಗಳು ಸ್ಪಷ್ಟ. ಇದು ಇಂಕ್‌ಜೆಟ್ ಮುದ್ರಣ. ಮೇಲೆ ಪಾರದರ್ಶಕ ಜೆಲ್ ಬಳಿದು ಕುಂಚದ ಗೆರೆ ಎಳೆದಿದ್ದಾರೆ. ಆದರೆ ಆ ಗೆರೆಗಳು ಕೆನ್ನೆಯ ದುಂಡಿಗೂ ಕೋಟಿನ ಮಡಿಕೆಗೂ ಹೊಂದದೆ ಎಲ್ಲೆಡೆ ಒಂದೇ ದಿಕ್ಕಿಗೆ ಹರಿದಿವೆ. ಚೌಕಟ್ಟಿನ ಮಗ್ಗುಲಿಗೆ ಮಡಿಚಲು ಬಿಟ್ಟ ಕ್ಯಾನ್ವಾಸಿನಲ್ಲಿ ಬಣ್ಣ ಸ್ಕೇಲಿಟ್ಟು ಗೆರೆ ಎಳೆದಂತೆ ನೇರವಾಗಿ ನಿಂತಿದೆ. ಕುಂಚದ ಕೆಲಸವಾಗಿದ್ದರೆ ಆ ಅಂಚು ಹೀಗಿರುವುದಿಲ್ಲ. ಎಣ್ಣೆಬಣ್ಣ ನಿಜಕ್ಕೂ ಬಿದ್ದಿರುವುದು ಮುಂಭಾಗದ ಆಕೃತಿಗಳ ಮೇಲೆ ಮಾತ್ರ, ಅದೂ ಮುದ್ರಣದ ಮೇಲೆಯೇ.

ಹಾಗೆ ಬಣ್ಣ ಹಚ್ಚಿದ ಕಡೆಗಳೇ ಹೆಚ್ಚು ಕೆಟ್ಟಿವೆ. ಈ ಚಿತ್ರದ ಬಹುಪಾಲು ಕತ್ತಲು. ಮೇಲಿನಿಂದ ಬೀಳುವ ಬೆಳಕು ಆ ಶಸ್ತ್ರವೈದ್ಯ ಡಾ. ಸ್ಯಾಮ್ಯುಯೆಲ್ ಗ್ರಾಸ್ ಅವರ ಹಣೆ, ನರೆತ ಕೂದಲು, ಸ್ಕಾಲ್ಪೆಲ್ (ಶಸ್ತ್ರಕ್ರಿಯೆಯ ಚಾಕು) ಹಿಡಿದ ಬಲಗೈ ಮತ್ತು ರೋಗಿಯ ತೊಡೆಯ ಮೇಲೆ ನಿಲ್ಲುತ್ತದೆ. ಇಷ್ಟು ಸರಿಯಾದರೆ ಚಿತ್ರ ನಿಂತಂತೆ. ಮೂಲದಲ್ಲಿ ಗ್ರಾಸ್ ಅವರ ಕಣ್ಣುಗಳು ಹುಬ್ಬಿನ ನೆರಳಲ್ಲಿ ಮುಳುಗಿವೆ, ನೋಟ ಪಕ್ಕಕ್ಕಿದೆ. ನಿಮ್ಮ ಕಲಾವಿದರು ಎರಡೂ ಕಣ್ಣಿಗೆ ಬಿಳಿ ಚುಕ್ಕಿ ಇಟ್ಟು ನಮ್ಮತ್ತ ತಿರುಗಿಸಿದ್ದಾರೆ. ಬೆರಳುಗಳಿಗೆ ಅಂಟಿದ ಹಸಿ ರಕ್ತವನ್ನು ತಿಳಿಗುಲಾಬಿ ಮಾಡಿದ್ದಾರೆ, ನೋಡುವವರಿಗೆ ಮುಜುಗರವಾಗದಿರಲಿ ಎಂದಿರಬಹುದು. ಆದರೆ 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಅಮೆರಿಕದ ಸ್ವಾತಂತ್ರ್ಯ ಶತಮಾನೋತ್ಸವ ಪ್ರದರ್ಶನದ ಕಲಾವಿಭಾಗ ಇದನ್ನು ತಿರಸ್ಕರಿಸಿ, ಅದೇ ಪ್ರದರ್ಶನದಲ್ಲಿ ಮಾದರಿಯಾಗಿ ಕಟ್ಟಿದ್ದ ಸೇನಾ ಆಸ್ಪತ್ರೆಯಲ್ಲಿ ತೂಗುಹಾಕಿದಾಗಲೂ ಈಕಿನ್ಸ್ ಚಿತ್ರಿಸಿದ ರಕ್ತ ಕೆಂಪಾಗಿಯೇ ಇತ್ತು. ಅದನ್ನು ತಿದ್ದುವ ಹಕ್ಕು ಪ್ರತಿ ಮಾಡುವವರಿಗಿಲ್ಲ.

ಮೇಜಿನ ಮೇಲಿನ ದೇಹವನ್ನಂತೂ ಅರ್ಥಮಾಡಿಕೊಳ್ಳದೆ ಬರೆದಿದ್ದಾರೆ. ಅಲ್ಲಿ ನಡೆಯುತ್ತಿರುವುದು ಎಡ ತೊಡೆಮೂಳೆಯ ಸೋಂಕಿನಿಂದ ಸತ್ತ ಮೂಳೆಚೂರನ್ನು ತೆಗೆಯುವ ಶಸ್ತ್ರಕ್ರಿಯೆ. ನಮಗೆ ಕಾಣುವುದು ತೊಡೆ, ಪೃಷ್ಠ, ಕಾಲುಚೀಲ ಹಾಕಿದ ಪಾದಗಳು. ಮುಖದ ಮೇಲೆ ಕ್ಲೋರೋಫಾರ್ಮ್ ಬಟ್ಟೆ. ನಿಮ್ಮ ಪ್ರತಿಯಲ್ಲಿ ತೊಡೆ ತೋಳಿನಂತಾಗಿದೆ, ಗಾಯದ ಅಂಚನ್ನು ಅಗಲಿಸಿ ಹಿಡಿದ ಕೊಕ್ಕೆ ಮಾಯವಾಗಿದೆ. ಕೊಕ್ಕೆಯಿಲ್ಲದೆ ಸಹಾಯಕರ ಕೈ ಗಾಳಿಯಲ್ಲಿದೆ.

ಬಣ್ಣಕ್ಕೆ ನೀವು ಹಳೆಯ ಛಾಯಾಚಿತ್ರವನ್ನು ಆಧಾರ ಮಾಡಿಕೊಂಡಿದ್ದೀರಿ. 20ನೆಯ ಶತಮಾನದ ಮೊದಲ ಭಾಗದಲ್ಲಿ ಮೂಲಚಿತ್ರವನ್ನು ಅತಿಯಾಗಿ ಶುಚಿಗೊಳಿಸಿದ್ದರಿಂದ ಮೇಲಿನ ತೆಳುಗಪ್ಪು ಪದರ ಅಳಿಸಿಹೋಗಿ, ಸುರಂಗದ ಭಾಗ ಕಿತ್ತಳೆಗೆಂಪಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಈಕಿನ್ಸ್ ಅವರೇ ಮಸಿಯಲ್ಲಿ ಮಾಡಿದ್ದ ಪ್ರತಿಯನ್ನು ನೋಡಿಕೊಂಡು 2010ರಲ್ಲಿ ಸಂರಕ್ಷಕರು ಆ ಕತ್ತಲನ್ನು ಮರಳಿ ತಂದರು. ಆಮೇಲಿನ ಛಾಯಾಚಿತ್ರವನ್ನೇ ಬಳಸಬೇಕೆಂದು ಆರ್ಡರಿನಲ್ಲಿ ಬರೆದಿದ್ದೆವು. ಕೋಟುಗಳಿಗೂ ಟ್ಯೂಬಿನಿಂದ ತೆಗೆದ ಕಪ್ಪನ್ನೇ ದಪ್ಪಗೆ ಹಚ್ಚಿದ್ದರಿಂದ ವೈದ್ಯರೆಲ್ಲ ಒಂದೇ ಮಸಿಮುದ್ದೆ. ಬರ್ಂಟ್ ಅಂಬರ್ ಎಂಬ ಗಾಢ ಕಂದು ಮತ್ತು ಅಲ್ಟ್ರಾಮರೀನ್ ಎಂಬ ನೀಲಿ ಬೆರೆಸಿ ತೆಳು ಪದರಗಳಲ್ಲಿ ಕಟ್ಟಿದರೆ ಕಪ್ಪಿನೊಳಗೆ ಕಪ್ಪು ಬೇರೆಯಾಗಿ ಕಾಣುತ್ತದೆ. ಇದೇ ಚಿತ್ರಕಾರರ 1889ರ ‘ದ ಆಗ್ನ್ಯೂ ಕ್ಲಿನಿಕ್’ನಲ್ಲಿ ವೈದ್ಯರು ಬಿಳಿ ನಿಲುವಂಗಿಯಲ್ಲಿದ್ದಾರೆ, ಎರಡನ್ನೂ ಪಕ್ಕಪಕ್ಕ ಇಟ್ಟು 14 ವರ್ಷಗಳಲ್ಲಿ ಶಸ್ತ್ರಚಿಕಿತ್ಸಾ ಕೊಠಡಿ ಬದಲಾದದ್ದನ್ನು ವಿದ್ಯಾರ್ಥಿಗಳಿಗೆ ತೋರಿಸುವುದೇ ನಮ್ಮ ಉದ್ದೇಶ. ಹಾಗಾಗಿ ಈ ಕೋಟುಗಳು ಕೋಟುಗಳಾಗಿ ಕಾಣಲೇಬೇಕು.

ಪ್ಯಾಕಿಂಗ್ ಉಳಿದದ್ದನ್ನೂ ಕೆಡಿಸಿದೆ. ಒಣಗದ ಚಿತ್ರವನ್ನು 2 ಅಂಗುಲದ ಕೊಳವೆಗೆ, ಬಣ್ಣದ ಮುಖ ಒಳಗೆ ಮಾಡಿ ಸುತ್ತಿದ್ದೀರಿ. ಹಾಗೆ ಸುತ್ತಿದಾಗ ಬಣ್ಣದ ಪದರ ಒತ್ತಿಕೊಂಡು ಉಬ್ಬುತ್ತದೆ, ಬಿಚ್ಚಿದಾಗ ಸೀಳುತ್ತದೆ. ಗ್ರಾಸ್ ಅವರ ಕೋಟಿನ ಮೇಲೆ ಅಡ್ಡಲಾಗಿ 7 ಬಿರುಕುಗಳಿವೆ. ಬಬಲ್ ಶೀಟ್ ವಾರ್ನಿಷ್‌ಗೆ ಅಂಟಿ ಗುಳ್ಳೆಗಳ ಅಚ್ಚು ಮೂಡಿದೆ. ಎಣ್ಣೆಬಣ್ಣಕ್ಕೆ ಕೊನೆಯ ವಾರ್ನಿಷ್ ಹಾಕಲು ಸಾಮಾನ್ಯವಾಗಿ 6ರಿಂದ 12 ತಿಂಗಳು ಕಾಯಬೇಕು. ಅವಸರವಿದ್ದರೆ ತೆಳುವಾದ, ತಾತ್ಕಾಲಿಕವಾದ ರಿಟಚ್ ವಾರ್ನಿಷ್ ಸಾಕಿತ್ತು.

ನಾವು ಕೇಳುವುದು ಇಷ್ಟು. ಮುದ್ರಣವಿಲ್ಲದ ಕ್ಯಾನ್ವಾಸಿನ ಮೇಲೆ, 48 × 39 ಅಂಗುಲದಲ್ಲಿ, 2010ರ ನಂತರದ ಛಾಯಾಚಿತ್ರ ನೋಡಿ ಹೊಸದಾಗಿ ಬರೆಯಿಸಿ. ರೇಖಾಚಿತ್ರ, ಕಂದು ತಳಬಣ್ಣ, ಮುಖ ಮತ್ತು ಕೈಗಳು, ಈ ಮೂರು ಹಂತಗಳಲ್ಲಿ ಫೋಟೋ ಕಳಿಸಿ ಒಪ್ಪಿಗೆ ಪಡೆದೇ ಮುಂದುವರಿಸಿ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಕನಿಷ್ಠ 6 ಅಂಗುಲದ ಕೊಳವೆಗೆ ಬಣ್ಣದ ಮುಖ ಹೊರಗಿರುವಂತೆ ಸುತ್ತಿ, ನಡುವೆ ಅಂಟದ ಕಾಗದ ಇಟ್ಟು ಕಳಿಸಿ. ಹಿಂಬದಿಯಲ್ಲಿ ‘ಪ್ರತಿ’ ಎಂದು ಬರೆದಿರಲಿ. ಇದು ಸಾಧ್ಯವಿಲ್ಲವಾದರೆ ಸಾಗಣೆ ವೆಚ್ಚ ಸೇರಿ ಪೂರ್ತಿ ಹಣ ಹಿಂದಿರುಗಿಸಿ.

ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ, ಮುದ್ರಣವನ್ನು ಕೈಚಿತ್ರವೆಂದು ಮಾರಿದ್ದಕ್ಕಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇವೆ. ಬಿಲ್ಲು, ಆರ್ಡರ್ ಪ್ರತಿ, ಭೂತಗನ್ನಡಿಯಲ್ಲಿ ತೆಗೆದ 4 ಫೋಟೋ, ಬಿರುಕುಗಳ 3 ಫೋಟೋ ಲಗತ್ತಿಸಿದ್ದೇವೆ. ಚಿತ್ರವನ್ನು ಬಂದ ಕೊಳವೆಯ ಸಮೇತ ಹಾಗೆಯೇ ಇಟ್ಟಿದ್ದೇವೆ. ನಿಮ್ಮವರು ಬಂದು ಪರಿಶೀಲಿಸಬಹುದು.

ಇಂತಿ,
ಗ್ಯಾಲರಿ ಸಮಿತಿಯ ಪರವಾಗಿ
ಸಂಚಾಲಕರು