ಐಸ್‌ಲ್ಯಾಂಡ್ ಅಂದ್ರೆ ಬರೀ ಬೆಂಕಿ ಫೋಟೋ ಅಲ್ಲ

ಸಂಪಾದಕರಿಗೆ ನಮಸ್ಕಾರ,

2023ರ ಹಿನ್ನೋಟ ಅಂತ ನೀವು ಹಾಕಿದ ಪುಟ ನೋಡಿದೆ. ಅದ್ರಲ್ಲಿ ಐಸ್‌ಲ್ಯಾಂಡ್‌ಗೆ ಸಿಕ್ಕಿದ್ದು ಒಂದೇ ಫೋಟೋ, ರಾತ್ರಿ ಹೊತ್ತು ನೆಲ ಸೀಳ್ಕೊಂಡು ಲಾವಾ ಚಿಮ್ತಾ ಇರೋದು, ಕೆಳಗೆ ಒಂದು ಸಾಲು ಅಷ್ಟೆ. ಫೋಟೋ ಚೆನ್ನಾಗೇ ಇದೆ. ಆದ್ರೆ ನಾಲ್ಕು ಲಕ್ಷ ಜನಾನೂ ಇಲ್ಲದ ಆ ದೇಶದಲ್ಲಿ 2023ರಲ್ಲಿ ಜನ ಏನು ಮಾಡಿದ್ರು ಅನ್ನೋದು ಆ ಬೆಂಕಿಗಿಂತ ದೊಡ್ಡ ಸುದ್ದಿ, ಅದು ಬರಲೇ ಇಲ್ವಲ್ಲ ಅಂತ ಬೇಜಾರಾಗಿ ಬರೀತಿದೀನಿ.

ಅಕ್ಟೋಬರ್ 24ಕ್ಕೆ ಅಲ್ಲಿನ ಹೆಂಗಸರು ಇಡೀ ದಿನ ಕೆಲಸ ನಿಲ್ಲಿಸಿದ್ರು. ಆಫೀಸು, ಸ್ಕೂಲು ಅಷ್ಟೇ ಅಲ್ಲ, ಮನೆಯ ಅಡುಗೆ, ಪಾತ್ರೆ, ಮಕ್ಕಳನ್ನ ನೋಡ್ಕೊಳ್ಳೋದು, ಸಂಬಳ ಇಲ್ಲದ ಈ ಕೆಲಸಾನೂ ಮಾಡಬೇಡಿ ಅಂತಾನೇ ಕರೆ ಕೊಟ್ಟಿದ್ರು. ಆಗಿನ ಪ್ರಧಾನಿ ಕತ್ರಿನ್ ಯಾಕೊಬ್ಸ್‌ದೋತಿರ್ ಕೂಡ ನಾನೂ ಅವತ್ತು ಕೆಲಸ ಮಾಡಲ್ಲ ಅಂದುಬಿಟ್ರು. ಹೆಣ್ಣು ಗಂಡು ಸಮಾನತೆಯ ವರ್ಲ್ಡ್ ಎಕನಾಮಿಕ್ ಫೋರಂ ಪಟ್ಟೀಲಿ 2023ಕ್ಕೆ 14 ವರ್ಷದಿಂದ ಮೊದಲನೇ ಸ್ಥಾನ ಬಿಟ್ಟುಕೊಡದ ದೇಶ ಅದು, ಅಲ್ಲಿನ ಹೆಂಗಸರೇ ರಾಜಧಾನಿ ರೇಕ್ಯಾವಿಕ್‌ನ ಅರ್ನಾರ್‌ಹೋಲ್ ಗುಡ್ಡದ ಮೇಲೆ ಸಾವಿರ ಸಾವಿರ ಸೇರಿ, ಸಂಬಳದ ತಾರತಮ್ಯ ಇನ್ನೂ ಹೋಗಿಲ್ಲ, ಹೊಡೆತ ಬಡಿತ ನಿಂತಿಲ್ಲ, ಇದನ್ನ ಸಮಾನತೆ ಅಂತೀರಾ ಅಂತ ಕೇಳಿದ್ರು. 1975ರಲ್ಲೂ ಇದೇ ತಾರೀಕು ಹೀಗೇ ಮಾಡಿದ್ರು, ಆಗ ನೂರಕ್ಕೆ 90 ಹೆಂಗಸರು ಸೇರಿದ್ರು, ಮರುವರ್ಷ ಸಮಾನತೆ ಕಾನೂನು ಬಂತು, 1980ರಲ್ಲಿ ವಿಗ್ದಿಸ್ ಅಂತ ಹೆಣ್ಣುಮಗಳೇ ರಾಷ್ಟ್ರಪತಿಯಾಗಿ ಗೆದ್ದರು. ನಾನು ಇದನ್ನ ಮನೇಲಿ ಓದಿ ಹೇಳ್ತಿದ್ರೆ ಸೊಪ್ಪು ಬಿಡಿಸ್ತಾ ಕೂತಿದ್ದ ನಮ್ಮತ್ತೆ ಕೈ ನಿಲ್ಲಿಸಿ, "ಪ್ರಧಾನಿನೂ ಒಲೆ ಹಚ್ಚಲಿಲ್ವಾ" ಅಂತ ಎರಡು ಸಲ ಕೇಳಿದ್ರು.

ಅದೇ ವಾರ ರೇಕ್ಯಾನೆಸ್ ಅನ್ನೋ ಪರ್ಯಾಯ ದ್ವೀಪದ ಕಡೆ ನೆಲ ನಡುಗೋಕೆ ಶುರುವಾಯ್ತು. ದಿನಕ್ಕೆ ನೂರಾರು, ಆಮೇಲೆ ಸಾವಿರಾರು ಕಂಪನ. ಗ್ರಿಂಡಾವಿಕ್ ಅಂತ ಸಮುದ್ರದ ದಡದಲ್ಲಿ ಮೀನುಗಾರರ ಊರು, ಆಗ ಜನ ಸುಮಾರು 3,800. ನವೆಂಬರ್ 10ರ ಶುಕ್ರವಾರ ರಾತ್ರಿ, ಊರಿನ ಅಡಿಯಲ್ಲೇ ಕಾದ ಶಿಲಾರಸ ನುಗ್ತಾ ಇದೆ ಅಂತ ಗೊತ್ತಾದ ತಕ್ಷಣ ಎಲ್ರೂ ಹೊರಡಿ ಅಂದ್ರು, ಮಲಗೋ ಹೊತ್ತಲ್ಲಿ ಮಕ್ಕಳು ಮುದುಕರನ್ನೆಲ್ಲ ಕಾರಲ್ಲಿ ಕೂರಿಸ್ಕೊಂಡು ಬೆಳಗಾಗೋದ್ರೊಳಗೆ ಊರೇ ಖಾಲಿ. ಆ ರಾತ್ರಿ ಒಂದು ಜೀವಾನೂ ಹೋಗಲಿಲ್ಲ. ಮುಂದಿನ ವಾರ ಸಾಮಾನು ತರೋಕೆ ಅಂತ ಬಿಟ್ಟಾಗ ಕೆಲವರಿಗೆ ಸಿಕ್ಕಿದ್ದು ಬರೀ ಐದೇ ನಿಮಿಷ. ಬಿರುಕು ಬಿಟ್ಟ ರಸ್ತೇಲಿ ಹಬೆ ಏಳ್ತಾ ಇದೆ, ಜನ ಬಾಗಿಲು ತೆಗೆದು ಬೆಕ್ಕು, ಆಲ್ಬಮ್ಮು, ಬೆಚ್ಚಗಿನ ಬಟ್ಟೆ ಕೈಗೆ ಸಿಕ್ಕಿದ್ದು ಎತ್ಕೊಂಡು ವಾಪಸ್ ಓಡ್ತಾರೆ. ಐದು ನಿಮಿಷದಲ್ಲಿ ಮನೇಲಿ ಏನಂತ ತಗೋಬೇಕು ಹೇಳಿ. ಲಾವಾ ಉಕ್ಕಿದ್ದು ಅದಾಗಿ ಐದು ವಾರ ಕಳೆದ ಮೇಲೆ, ಡಿಸೆಂಬರ್ 18ರ ರಾತ್ರಿ, ಸುಮಾರು 4 ಕಿಲೋಮೀಟರ್ ಉದ್ದದ ಸೀಳು, ನೀವು ಹಾಕಿದ ಫೋಟೋ ಅದೇ ಇರಬೇಕು.

ಮೇ ತಿಂಗಳಲ್ಲಿ ಯುರೋಪಿನ ನಾಯಕರೆಲ್ಲ ರೇಕ್ಯಾವಿಕ್‌ನಲ್ಲಿ ಯುಕ್ರೇನ್ ವಿಷಯಕ್ಕೆ ಸೇರಿದ್ದು, ಜೂನ್‌ನಲ್ಲಿ ಸರ್ಕಾರ ತಿಮಿಂಗಿಲ ಬೇಟೆ ನಿಲ್ಲಿಸಿ ಸೆಪ್ಟೆಂಬರ್‌ನಲ್ಲಿ ಮತ್ತೆ ಶುರು ಮಾಡೋಕೆ ಬಿಟ್ಟಿದ್ದು, ಇವೂ ಆ ವರ್ಷದ್ದೇ, ಜಾಗ ಇಲ್ಲ ಅಂದ್ರೆ ಬಿಡಿ.

ಆದ್ರೆ ಗ್ರಿಂಡಾವಿಕ್ ಜನ ಈಗ ಎಲ್ಲಿದಾರೆ, ಮಕ್ಕಳು ಯಾವ ಸ್ಕೂಲಿಗೆ ಹೋಗ್ತಿದಾರೆ, ಆ ಮನೆಗಳ ಸಾಲ ಯಾರು ಕಟ್ತಾರೆ ಅಂತ ಭಾನುವಾರದ ಪುರವಣೀಲಿ ಒಂದು ಪೂರ್ತಿ ಪುಟ ಬರೆಸಿ. ಅಕ್ಟೋಬರ್ 24ರ ಆ ಗುಡ್ಡದ ಫೋಟೋನೂ ಹಾಕಿ, ನಮ್ಮತ್ತೆ ನೋಡಬೇಕು ಅಂತಿದಾರೆ.

ಇಂತಿ,
ನಿಮ್ಮ ಓದುಗಳು, ಶಿವಮೊಗ್ಗ